ಅಕ್ಕಸಾಲಿಗನ ಕೈಯಲ್ಲಿರುವ ಅಮಾನತ್ತು

ತಾಯಿಯಿಂದ ಬಂದ ಪಚ್ಚೆಯ ಉಂಗುರ ಬೆರಳಿಗೆ ಬಿಗಿಯಾಯಿತೆಂದು ಮಹಿಳೆಯೊಬ್ಬರು ಅದನ್ನು ಅಕ್ಕಸಾಲಿಗನಿಗೆ ಕೊಡುತ್ತಾರೆ ಎಂದಿಟ್ಟುಕೊಳ್ಳೋಣ. ಆತ ಉಂಗುರವನ್ನು ತೂಗಿ ಚೀಟಿ ಬರೆಯುತ್ತಾನೆ: ಹಸಿರು ಕಲ್ಲಿನ ಉಂಗುರ, ಇಷ್ಟು ಗ್ರಾಂ. ಕಲ್ಲಿನ ಕುರಿತು ಆ ಚೀಟಿಯಲ್ಲಿ ಇನ್ನೇನೂ ಇರುವುದಿಲ್ಲ. ವಾರದ ಬಳಿಕ ಉಂಗುರ ಮರಳುತ್ತದೆ. ಅಳತೆ ಸರಿಯಾಗಿದೆ, ಚಿನ್ನ ಹೊಳೆಯುತ್ತಿದೆ. ಆದರೆ ಪಚ್ಚೆಯೊಳಗೆ ಹಿಂದೆಂದೂ ಕಾಣದಿದ್ದ ಬಿಳಿಯ ಗೆರೆಗಳು. ಕೇಳಿದರೆ, "ಇದು ಮೊದಲೇ ಇತ್ತಮ್ಮ" ಎಂಬ ಉತ್ತರ.

ಆ ಉತ್ತರ ಅರ್ಧ ಸತ್ಯ. ಬಹುತೇಕ ಪಚ್ಚೆಗಳಲ್ಲಿ ಹುಟ್ಟಿನಿಂದಲೇ ಸೂಕ್ಷ್ಮ ಬಿರುಕುಗಳಿರುತ್ತವೆ. ಅವು ಕಣ್ಣಿಗೆ ಬೀಳದಂತೆ ಎಣ್ಣೆಯನ್ನೋ ರಾಳವನ್ನೋ ತುಂಬುವುದು ಈ ವ್ಯಾಪಾರದ ಹಳೆಯ ರೂಢಿ. ಬೆಸುಗೆಯ ಉರಿ, ಬಿಸಿ ಹಬೆ ಮತ್ತು ಅಲ್ಟ್ರಾಸಾನಿಕ್ ತೊಳೆಯುವ ಯಂತ್ರ ಆ ಎಣ್ಣೆಯನ್ನು ಹೊರದೂಡುತ್ತವೆ. ಬಿರುಕು ಮೊದಲೇ ಇತ್ತು, ನಿಜ. ಅದನ್ನು ಮರೆಮಾಡಿದ್ದ ಎಣ್ಣೆಯನ್ನು ತೆಗೆದದ್ದು ಕೆಲಸಗಾರನ ಕೈ. ಹೀಗಿರುವಾಗ ಹಾನಿಯ ಹೊಣೆ ಯಾರದು?

ದುರಸ್ತಿಗೆಂದು ಒಪ್ಪಿಸಿದ ಒಡವೆಯು ಅಕ್ಕಸಾಲಿಗನ ಬಳಿ ಇರುವಷ್ಟು ಕಾಲವೂ ಅಮಾನತ್ತು. ಅಮಾನತ್ತುಗಳನ್ನು ಅವುಗಳ ಹಕ್ಕುದಾರರಿಗೆ ಮರಳಿಸಬೇಕೆಂದು ಪವಿತ್ರ ಕುರ್‌ಆನ್ (4:58) ಆಜ್ಞಾಪಿಸುತ್ತದೆ. ಕುಶಲಕರ್ಮಿಯ ಕೈಯಲ್ಲಿ ವಸ್ತು ಕೆಟ್ಟರೆ ಏನು ಮಾಡಬೇಕೆಂಬುದನ್ನು ಫಿಕ್‌ಹ್ ವಿದ್ವಾಂಸರು ಶತಮಾನಗಳ ಹಿಂದೆಯೇ ಚರ್ಚಿಸಿದ್ದಾರೆ. ಹನಫಿ ಗ್ರಂಥಗಳಲ್ಲಿ ಅಗಸನ ಉದಾಹರಣೆ ಪ್ರಸಿದ್ಧವಾದುದು: ಒಗೆಯುವಾಗ ಅವನ ಹೊಡೆತದಿಂದಲೇ ಬಟ್ಟೆ ಹರಿದರೆ ಅವನೇ ಹೊಣೆಗಾರ. ಶಾಫಿಈ ಮದ್‌ಹಬಿನ ಪ್ರಬಲ ಅಭಿಪ್ರಾಯದಂತೆ, ಅಜಾಗರೂಕತೆ ಇದ್ದಾಗ ಮಾತ್ರ ಹೊಣೆ ಬರುತ್ತದೆ. ಎರಡು ಅಭಿಪ್ರಾಯಗಳ ನಡುವೆ ಅಂತರವಿದ್ದರೂ ಅಜಾಗರೂಕನಿಗೆ ಯಾವುದರಲ್ಲಿಯೂ ವಿನಾಯಿತಿಯಿಲ್ಲ. ಹಾಗಾದರೆ ಇಂದಿನ ಕಾರ್ಯಾಗಾರದಲ್ಲಿ ಅಜಾಗರೂಕತೆ ಎಂದರೇನು? ಕಲ್ಲು ಯಾವುದು, ಅದರ ಸ್ವಭಾವವೇನು ಎಂದು ತಿಳಿಯದೆ ಅದರ ಬಳಿ ಉರಿ ಹಿಡಿಯುವುದೇ ಅಜಾಗರೂಕತೆ ಎಂಬುದು ನಮ್ಮ ಅಭಿಪ್ರಾಯ. ಕಲಿಯಲು ದಾರಿಯಿರುವ ವಿಷಯದಲ್ಲಿ "ಗೊತ್ತಿರಲಿಲ್ಲ" ಎಂಬುದು ನೆಪವಾಗದು.

ಗಟ್ಟಿಯಾದ ಕಲ್ಲಿಗೆ ಏನೂ ಆಗದೆಂಬ ನಂಬಿಕೆ ನಮ್ಮಲ್ಲಿ ವ್ಯಾಪಕವಾಗಿದೆ. ಮೋಸ್ ಮಾಪಕದಲ್ಲಿ ವಜ್ರಕ್ಕೆ 10, ಮಾಣಿಕ್ಯ ಹಾಗೂ ನೀಲಕ್ಕೆ 9, ಟೋಪಾಜ್‌ಗೆ 8. ಆದರೆ ಈ ಅಂಕಿಗಳು ಹೇಳುವುದು ಗೀರು ಬೀಳುವ ವಿಚಾರವನ್ನು ಮಾತ್ರ. ವಜ್ರಕ್ಕೂ ಟೋಪಾಜ್‌ಗೂ ಸುಲಭವಾಗಿ ಸೀಳುವ ದಿಕ್ಕುಗಳಿವೆ. ಕಲ್ಲನ್ನು ಕೂರಿಸುವಾಗ ಆ ದಿಕ್ಕಿನಲ್ಲಿ ಬಿದ್ದ ಒಂದೇ ಪೆಟ್ಟು ಸಾಕು. ಬೋರಿಕ್ ಆಮ್ಲದ ಲೇಪವಿಲ್ಲದೆ ಉರಿಗೊಡ್ಡಿದ ವಜ್ರದ ಮೇಲ್ಮೈ ಸುಟ್ಟು ಮಂಕಾಗಬಹುದು. ಓಪಲ್ ತನ್ನೊಳಗೆ ನೀರನ್ನು ಹಿಡಿದುಕೊಂಡಿರುವುದರಿಂದ ಬಿಸಿಗೆ ಬಿರಿಯುತ್ತದೆ. ಮುತ್ತು ಮತ್ತು ಹವಳ ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ಬೆಸುಗೆಯ ಕಪ್ಪನ್ನು ತೆಗೆಯುವ ಆಮ್ಲದಲ್ಲಿ ಅವುಗಳ ಮೇಲ್ಮೈ ಕರಗುತ್ತದೆ. ನಮ್ಮಲ್ಲಿ ಹಲವರು ಧರಿಸುವ ಫಿರೋಜಾ ಸೂಕ್ಷ್ಮ ರಂಧ್ರಗಳುಳ್ಳ ಕಲ್ಲು. ಎಣ್ಣೆಯನ್ನೂ ಸಾಬೂನನ್ನೂ ಹೀರಿ ಬಣ್ಣಗೆಡುತ್ತದೆ. ಸೀಸದ ಗಾಜು ತುಂಬಿದ ಮಾಣಿಕ್ಯವನ್ನು ನಿಂಬೆರಸವೂ ಕೆಡಿಸಬಲ್ಲದು. ಕುಂದಣದ ಒಡವೆಯಲ್ಲಿ ಕಲ್ಲಿನ ಹಿಂದೆ ತೆಳು ತಗಡು, ಒಳಗೆ ಅರಗು ಇರುತ್ತವೆ. ಉರಿ ತಾಗಿದರೆ ಅರಗು ಕರಗುತ್ತದೆ, ನೀರಿಳಿದರೆ ತಗಡು ಕಾಂತಿಗುಂದುತ್ತದೆ. ಹೀಗಿರುವಾಗ ಮುತ್ತು, ಹವಳ, ಪಚ್ಚೆ, ವಜ್ರಗಳೆಲ್ಲ ಒಟ್ಟಿಗಿರುವ ನವರತ್ನದ ಉಂಗುರ ಬಂದರೆ, ಅವುಗಳಲ್ಲಿ ಅತ್ಯಂತ ಮೃದುವಾದ ಕಲ್ಲಿಗೆ ತಕ್ಕಂತೆ ಇಡೀ ಉಂಗುರವನ್ನು ನಡೆಸಿಕೊಳ್ಳಬೇಕಾಗುತ್ತದೆ.

ಹಾನಿಯನ್ನು ತಡೆಯುವ ಕೆಲಸವು ಒಡವೆಯನ್ನು ಸ್ವೀಕರಿಸುವ ಮೇಜಿನಲ್ಲಿಯೇ ಆರಂಭವಾಗಬೇಕು. ಗಿರಾಕಿಯ ಎದುರಿನಲ್ಲಿಯೇ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರದಲ್ಲಿ ಕಲ್ಲನ್ನು ನೋಡಬೇಕು. ಅಂಚು ಚಕ್ಕೆ ಎದ್ದಿದೆಯೇ, ಬಿರುಕಿದೆಯೇ, ಹಿಡಿದಿರುವ ಕೊಕ್ಕೆಗಳು ಸವೆದಿವೆಯೇ ಎಂಬುದನ್ನು ಚೀಟಿಯಲ್ಲಿ ಬರೆದು, ಮೊಬೈಲಿನಲ್ಲಿ ಚಿತ್ರ ತೆಗೆದು, ಇಬ್ಬರೂ ಒಪ್ಪಿದ ಬಳಿಕವೇ ಕೆಲಸಕ್ಕೆ ತೆಗೆದುಕೊಳ್ಳಬೇಕು. ಇದಕ್ಕೆ ತಗಲುವುದು ಕೆಲವೇ ನಿಮಿಷಗಳು. ಉರಿಯನ್ನು ಸಹಿಸದ ಕಲ್ಲನ್ನು ಬೆಸುಗೆಗೆ ಮೊದಲೇ ಬಿಡಿಸಿಡಬೇಕು. ಬಿಡಿಸುವುದೇ ಅಪಾಯವೆನಿಸಿದರೆ ಗಿರಾಕಿಗೆ ಹಾಗೆಂದು ತಿಳಿಸಿ, ಅಗತ್ಯವಿದ್ದರೆ ಕೆಲಸವನ್ನೇ ನಿರಾಕರಿಸಬೇಕು. ಕಲ್ಲಿರುವ ಬಿಸಿ ಒಡವೆಯನ್ನು ನೀರಿಗೆ ಹಾಕದೆ ತಾನಾಗಿ ಆರಲು ಬಿಡಬೇಕು. ಸಂದೇಹವಿರುವ ಕಲ್ಲನ್ನು ಯಂತ್ರದಲ್ಲಿ ತೊಳೆಯದೆ ಮೃದುವಾದ ಒದ್ದೆ ಬಟ್ಟೆಯಲ್ಲಿ ಒರೆಸಬೇಕು.

ಒಡವೆಯ ಒಡೆಯರಿಗೂ ಕರ್ತವ್ಯವಿದೆ. ಕಲ್ಲಿಗೆ ಎಣ್ಣೆ ತುಂಬಿಸಿದ್ದೋ, ಹಿಂದೊಮ್ಮೆ ಅಂಟು ಹಾಕಿ ಕೂರಿಸಿದ್ದೋ ತಿಳಿದಿದ್ದರೆ ಅದನ್ನು ಮರೆಮಾಚಬಾರದು. ಮರೆಮಾಚಿ, ಬಳಿಕ ಪರಿಹಾರ ಕೇಳುವುದು ನ್ಯಾಯವಲ್ಲ.

ಅಂಗಡಿಯ ಮಾಲಕರೊಡನೆ ನಮಗೆ ಒಂದು ಮಾತು ಹೇಳಲಿಕ್ಕಿದೆ. ಕಲ್ಲುಗಳು ಹೆಚ್ಚಾಗಿ ಕೆಡುವುದು ಅವಸರದಲ್ಲಿ. ಮದುವೆಯ ಕಾಲದಲ್ಲಿ, ಈದ್‌ನ ಮುನ್ನಾದಿನಗಳಲ್ಲಿ "ನಾಳೆಯೇ ಕೊಡುತ್ತೇವೆ" ಎಂದು ಮಾತು ಕೊಡುವವರು ಮಾಲಕರು. ನಡುರಾತ್ರಿಯವರೆಗೆ ಉರಿಯ ಮುಂದೆ ಕೂರುವವನು ಕೆಲಸದ ಹುಡುಗ. ಕಲ್ಲು ಒಡೆದಾಗ ಅದರ ಬೆಲೆಯನ್ನು ಆ ಹುಡುಗನ ಕೂಲಿಯಿಂದ ಕಡಿತಗೊಳಿಸುವುದನ್ನು ನಾವು ಅನ್ಯಾಯವೆಂದೇ ಕರೆಯುತ್ತೇವೆ. ಅವನಿಗೆ ಕಲ್ಲಿನ ಗುಣವನ್ನು ಕಲಿಸದವರು, ಸಮಯ ಕೊಡದವರು, ಗಿರಾಕಿಯಿಂದ ಅಮಾನತ್ತನ್ನು ಸ್ವೀಕರಿಸಿದವರು ಮಾಲಕರೇ ಆಗಿರುವಾಗ ನಷ್ಟವನ್ನೂ ಅವರೇ ಹೊರಬೇಕು. ಕೂಲಿ ಹೋಗುವ ಭಯವಿರುವಲ್ಲಿ ಕೆಲಸಗಾರನು ಒಡಕನ್ನು ಅಂಟಿನಲ್ಲಿ ಮುಚ್ಚುವುದನ್ನು ಕಲಿಯುತ್ತಾನೆ; ಆಗ ತಪ್ಪು ಮೋಸವಾಗಿ ಬೆಳೆಯುತ್ತದೆ.

ಎಷ್ಟೇ ಎಚ್ಚರವಿದ್ದರೂ ಕೆಲವೊಮ್ಮೆ ಕಲ್ಲು ಒಡೆಯುವುದುಂಟು. ಕಲ್ಲಿನ ಒಳಗೆ ಅಡಗಿದ ದೋಷವೆಲ್ಲವೂ ಮನುಷ್ಯನ ಕಣ್ಣಿಗೆ ನಿಲುಕದು. ಅಂತಹ ದಿನ ಗಿರಾಕಿ ಕೇಳುವ ಮೊದಲೇ ಹೇಳುವುದು ಅಮಾನತ್ತಿನ ಕೊನೆಯ ಭಾಗ. ಕ್ರಿ.ಶ. 622ರಲ್ಲಿ ಪ್ರವಾದಿವರ್ಯರು(ಸ) ಮಕ್ಕಾವನ್ನು ತೊರೆದಾಗ, ತಮ್ಮ ಬಳಿ ಜನರು ಇಟ್ಟಿದ್ದ ವಸ್ತುಗಳನ್ನು ಮರಳಿಸಲೆಂದು ಅಲೀ(ರ)ರನ್ನು ಅಲ್ಲಿಯೇ ಉಳಿಸಿದರು. ಅವರ ಸಂದೇಶವನ್ನು ಒಪ್ಪದ ಮಕ್ಕಾದವರ ಸೊತ್ತೂ ಅವುಗಳಲ್ಲಿತ್ತು. ಪ್ರಾಣಾಪಾಯದ ಆ ಹೊತ್ತಿನಲ್ಲಿಯೂ ಅವರು ಪರರ ವಸ್ತುವನ್ನು ಮರೆಯಲಿಲ್ಲ. ಗಿರಾಕಿ ಯಾವ ಧರ್ಮದವರೇ ಆಗಿರಲಿ, ತಾಯಿಯ ಉಂಗುರವನ್ನು ನಂಬಿ ಕೊಟ್ಟು ಹೋದವರಿಗೆ ನಮ್ಮ ಅಕ್ಕಸಾಲಿಗರು, ವ್ಯಾಪಾರಿಗಳು ಅಷ್ಟಾದರೂ ಸಲ್ಲಿಸಲಿ.