ನಮ್ಮ ಬಾಲಿಕೆಯರ ಬುತ್ತಿಯೂ ಅಡಿಗೆಯ ಪಾಠವೂ

ಪಾಠಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಅಡಿಗೆಯನ್ನು ಕಲಿಸತಕ್ಕದ್ದೋ ಅಲ್ಲವೋ ಎಂಬ ವಾದವು ಬಹಳ ಹಳೆಯದು. ಕಲಿಸಿದರೆ ಅವರನ್ನು ಒಲೆಯ ಮುಂದೆ ಕಟ್ಟಿಹಾಕಿದಂತಾಗುವುದೆಂದು ಕೆಲವರು ಹೇಳುವರು. ಕಲಿಸದೆ ಹೋದರೆ ಮುಂದೆ ಅವರ ಸಂಸಾರದ ಗತಿಯೇನೆಂದು ಮತ್ತೆ ಕೆಲವರು ಕೇಳುವರು. ನಾನು ಈ ಎರಡು ಪಕ್ಷಗಳಲ್ಲಿ ಯಾವುದಕ್ಕೂ ಸೇರಿದವಳಲ್ಲ. ಅಡಿಗೆಯ ಮನೆಯು ರಸಾಯನಶಾಸ್ತ್ರದ ಅತ್ಯಂತ ಅಗ್ಗವಾದ ಪ್ರಯೋಗಶಾಲೆಯಾಗಿರುವುದರಿಂದ ಅಲ್ಲಿನ ಪಾಠವು ಗಂಡುಮಕ್ಕಳಿಗೂ ದೊರೆಯಬೇಕೆಂಬುದೇ ನನ್ನ ಅಭಿಪ್ರಾಯ. ಆದರೆ ಪಾಠವೆಂಬ ಹೆಸರಿನಲ್ಲಿ ನಾವು ಏನನ್ನು ಕಲಿಸುತ್ತಿದ್ದೇವೆಂಬುದನ್ನು ಸ್ವಲ್ಪ ನಿಂತು ನೋಡುವುದು ಅಗತ್ಯ.

ಈ ಮಾತಿಗೆ ಸಂದರ್ಭವೂ ಒದಗಿದೆ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ಶಾಲೆಯ ಮೇಲಿನ ಪ್ರೀತಿಯಿಂದ ಗೃಹವಿಜ್ಞಾನದ ಕೊಠಡಿಗೆ ಒಂದು ದೊಡ್ಡ ವಿದ್ಯುತ್ ಓವನ್ನನ್ನು ಕೊಡಿಸುವುದಾಗಿ ಹೇಳಿದ್ದಾರೆ. ಅವರಿಗೆ ನನ್ನ ಕೃತಜ್ಞತೆ ಸಲ್ಲುತ್ತದೆ. ಆದರೆ ಆ ಓವನ್ನಿನಲ್ಲಿ ಏನು ಬೇಯಬೇಕು, ಅದು ಯಾವಾಗ ಬರಬೇಕು ಎಂಬ ಎರಡು ವಿಷಯಗಳಲ್ಲಿ ನನ್ನ ಮನಸ್ಸಿನಲ್ಲಿರುವುದನ್ನು ಈ ಸಂಚಿಕೆಯ ವಾಚಕರ ಮುಂದೆ ಮರೆಮಾಚದೆ ಇಡುವುದು ಯುಕ್ತವೆಂದು ತೋರಿತು.

ಅನೇಕ ಶಾಲೆಗಳಲ್ಲಿ ಅಡಿಗೆಯ ತರಗತಿಯೆಂದರೆ ಕೇಕು ಬಿಸ್ಕತ್ತುಗಳ ತರಗತಿಯೆಂದೇ ಅರ್ಥವಾಗಿಹೋಗಿದೆ. ವಾರ್ಷಿಕ ಮಾರಾಟದ ದಿವಸ ಮೇಜಿನ ಮೇಲೆ ಸಾಲಾಗಿ ಇಟ್ಟ ತಟ್ಟೆಗಳಲ್ಲಿ ಯಾವುದು ಹೆಚ್ಚು ಉಬ್ಬಿದೆ, ಯಾವುದು ಹೆಚ್ಚು ಮೆತ್ತಗಿದೆ, ಯಾವುದರ ಮೇಲಿನ ಹೂಬಳ್ಳಿ ಸೊಗಸಾಗಿದೆ ಎಂದು ನೋಡಿ ಬಹುಮಾನವನ್ನು ಕೊಡುತ್ತೇವೆ. ಒಳಗೆ ಸಕ್ಕರೆ ಎಷ್ಟಿದೆಯೆಂದು ಕೇಳಿದ ತೀರ್ಪುಗಾರರನ್ನು ನಾನು ಈವರೆಗೆ ಕಂಡಿಲ್ಲ. ಕೇಳಿದ್ದೇ ಆದರೆ ಉತ್ತರವು ಹೀಗಿರುವುದು. ಸಾಧಾರಣವಾದ ಬೆಣ್ಣೆಯ ಕೇಕಿಗೆ ಮೈದಾ, ಸಕ್ಕರೆ, ಬೆಣ್ಣೆ, ಮೊಟ್ಟೆ ಈ ನಾಲ್ಕೂ ಸಮತೂಕ. ಒಂದೊಂದನ್ನು 250 ಗ್ರಾಮಿನಂತೆ ಹಾಕಿ ಬೇಯಿಸಿದ ಕೇಕನ್ನು 16 ತುಂಡು ಮಾಡಿದರೆ ಒಂದೊಂದು ತುಂಡಿನಲ್ಲಿ 15 ಗ್ರಾಮಿಗೂ ಮಿಕ್ಕ ಸಕ್ಕರೆಯಿರುತ್ತದೆ, ಅಂದರೆ ಮೂರು ಟೀ ಚಮಚೆಗಿಂತ ಹೆಚ್ಚು. ಮೇಲಿನ ಹೂಬಳ್ಳಿ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಹೊರಡಿಸಿದ ಸೂಚನೆಯಂತೆ ಹೊರಗಿನಿಂದ ಸೇರಿಸಿದ ಸಕ್ಕರೆಯು ದಿನದ ಒಟ್ಟು ಶಕ್ತಿಯಲ್ಲಿ ನೂರಕ್ಕೆ ಹತ್ತು ಪಾಲಿಗಿಂತ ಕಡಿಮೆಯಿರಬೇಕು. ಐದು ಪಾಲಿಗೆ ಇಳಿದರೆ ಮತ್ತೂ ಒಳ್ಳೆಯದು. 2000 ಕ್ಯಾಲೊರಿಯ ಆಹಾರಕ್ಕೆ ಇವು ಕ್ರಮವಾಗಿ 50 ಗ್ರಾಂ ಮತ್ತು 25 ಗ್ರಾಂ. ಬೆಳಗಿನ ಕಾಫಿ, ಸಂಜೆಯ ಬಿಸ್ಕತ್ತು, ನಡುವೆ ಈ ಒಂದು ತುಂಡು: ಇಷ್ಟಕ್ಕೇ ಆ 25 ಗ್ರಾಂ ಮುಗಿದುಹೋಯಿತು.

ಸಕ್ಕರೆಯನ್ನು ಕಡಿಮೆ ಮಾಡಿದರೆ ಕೇಕು ಕೆಟ್ಟುಹೋಗುವುದೆಂದು ಗೃಹವಿಜ್ಞಾನದ ಉಪಾಧ್ಯಾಯಿನಿಯರು ಆಕ್ಷೇಪಿಸುವುದುಂಟು. ಆ ಮಾತು ಸುಳ್ಳಲ್ಲ. ಕೇಕಿನಲ್ಲಿ ಸಕ್ಕರೆಯಿರುವುದು ಸಿಹಿಗಾಗಿ ಮಾತ್ರವಲ್ಲ. ಬೆಣ್ಣೆಯೊಡನೆ ಕಡೆಯುವಾಗ ಅದರ ಹರಳುಗಳು ಗಾಳಿಯನ್ನು ಒಳಗೆ ಸೇರಿಸುತ್ತವೆ. ಅದು ನೀರನ್ನು ತನ್ನಲ್ಲಿ ಹಿಡಿದುಕೊಂಡು ಗೋದಿಯ ಅಂಟು ಬಿಗಿಯದಂತೆ ತಡೆಯುತ್ತದೆ. ಮೇಲಿನ ಹೊಂಬಣ್ಣಕ್ಕೂ ಮರುದಿನದ ಮೆತ್ತನೆಯ ಗುಣಕ್ಕೂ ಅದೇ ಕಾರಣ. ಆದರೂ ಬರೆದಿಟ್ಟ ಅಳತೆಯಲ್ಲಿ ಕಾಲುಭಾಗವನ್ನು ತೆಗೆದುಬಿಟ್ಟರೆ ತಿನ್ನುವವರಿಗೆ ಗೊತ್ತಾಗುವುದೇ ಅಪರೂಪ. ಮೂರರಲ್ಲೊಂದು ಭಾಗವನ್ನು ತೆಗೆದರೆ ಬಣ್ಣವು ಸ್ವಲ್ಪ ಮಂಕಾಗಿ ಬೇಗ ಒಣಗುವುದು. ಅರ್ಧಕ್ಕೆ ಇಳಿಸಿದರೆ ಅದು ಬೇರೆಯೇ ಪದಾರ್ಥವಾಗುವುದು. ಚೆನ್ನಾಗಿ ಕಳಿತ ಬಾಳೆಹಣ್ಣನ್ನು ಹಿಸುಕಿ ಸೇರಿಸಿದರೆ ತೇವವೂ ಉಳಿಯುತ್ತದೆ, ಹಣ್ಣಿನ ನಾರೂ ಜೊತೆಗೆ ಬರುತ್ತದೆ. ಏಲಕ್ಕಿಯ ಸುವಾಸನೆಯು ನಾಲಿಗೆಗೆ ಇಲ್ಲದ ಸಿಹಿಯನ್ನೂ ಇದ್ದಂತೆ ತೋರಿಸುವುದು. ಇದನ್ನೆಲ್ಲಾ ಬಾಯಿಪಾಠದಿಂದ ಕಲಿಯಲಾಗದು; ಒಂದೇ ಹಿಟ್ಟನ್ನು ಮೂರು ಪಾಲು ಮಾಡಿ ಮೂರು ಅಳತೆಯ ಸಕ್ಕರೆ ಹಾಕಿ ಬೇಯಿಸಿ ಹುಡುಗಿಯರೇ ತಿಂದು ನೋಡಬೇಕು.

ಇಲ್ಲಿ ಒಂದು ಭ್ರಮೆಯನ್ನು ಕುರಿತು ಎರಡು ಮಾತು. ಸಕ್ಕರೆಗೆ ಬದಲಾಗಿ ಬೆಲ್ಲವನ್ನೋ ಜೇನನ್ನೋ ಹಾಕಿದ್ದೇವೆ, ಆದಕಾರಣ ಎಷ್ಟು ತಿಂದರೂ ಬಾಧಕವಿಲ್ಲವೆಂದು ಅನೇಕ ತಾಯಂದಿರು ನಂಬಿದ್ದಾರೆ. ಮಂಡ್ಯದ ಆಲೆಮನೆಗಳ ಬೆಲ್ಲದ ರುಚಿಯನ್ನು ಮೆಚ್ಚುವವರಲ್ಲಿ ನಾನೂ ಒಬ್ಬಳೇ. ಆದರೆ ಬೆಲ್ಲದ ಬಹುಭಾಗ ಸಕ್ಕರೆಯೇ ಸರಿ, ಶರೀರವು ಅದಕ್ಕೆ ಬೇರೆ ಮರ್ಯಾದೆಯನ್ನು ತೋರಿಸುವುದಿಲ್ಲ. ಸಕ್ಕರೆಯಿಲ್ಲದೆ ಸಿಹಿಮಾಡುವ ಕೃತಕ ವಸ್ತುಗಳನ್ನು ಮೈತೂಕ ಇಳಿಸುವುದಕ್ಕಾಗಿ ಬಳಸಬಾರದೆಂದು ಅದೇ ಸಂಸ್ಥೆಯು 2023ರಲ್ಲಿ ಹೇಳಿದೆ. ಇನ್ನು ರಾಗಿಯ ಬಿಸ್ಕತ್ತೆಂದು ಮಾರುವ ಪೊಟ್ಟಣವನ್ನು ಕೊಳ್ಳುವ ಮುಂಚೆ ಹಿಂದುಗಡೆಯ ಸಣ್ಣ ಅಕ್ಷರಗಳನ್ನು ಓದಿರಿ. ಅಲ್ಲಿನ ಪದಾರ್ಥಗಳನ್ನು ತೂಕದ ಕ್ರಮದಲ್ಲಿ, ಹೆಚ್ಚಿನದನ್ನು ಮೊದಲು ಬರೆಯಬೇಕೆಂದು ಕಾನೂನಿದೆ. ಮೈದಾ, ಸಕ್ಕರೆ, ಎಣ್ಣೆಗಳು ಮುಂದೆ ಕುಳಿತು ರಾಗಿಯು ಕೊನೆಯ ಬೆಂಚಿನಲ್ಲಿದ್ದರೆ ಆ ಬಿಸ್ಕತ್ತಿಗೆ ರಾಗಿಯ ಹೆಸರು ಮಾತ್ರ ಇದೆಯೆಂದು ತಿಳಿಯಿರಿ.

ಹಾಗಾದರೆ ಓವನ್ನಿನಲ್ಲಿ ಏನು ಬೇಯಬೇಕು? ಪಾಠವು ಕೇಕಿನಿಂದಲ್ಲ, ಬ್ರೆಡ್ಡಿನಿಂದ ಆರಂಭವಾಗಬೇಕೆಂಬುದು ನನ್ನ ಮತ. ಯೀಸ್ಟಿಗೆ ಸಕ್ಕರೆ ಬೇಕೇ ಬೇಕೆಂಬುದು ತಪ್ಪು ತಿಳುವಳಿಕೆ. ಹಿಟ್ಟಿನಲ್ಲಿಯೇ ಇರುವ ಅಮೈಲೇಸ್ ಎಂಬ ಕಿಣ್ವವು ಪಿಷ್ಟವನ್ನು ಒಡೆದು ಯೀಸ್ಟಿಗೆ ಸಾಕಾಗುವಷ್ಟು ಸಕ್ಕರೆಯನ್ನು ತಾನೇ ಒದಗಿಸುವುದು. ಅರ್ಧ ಮೈದಾ, ಅರ್ಧ ಗೋದಿಹಿಟ್ಟು, ಉಪ್ಪು, ನೀರು, ಚಿಟಿಕೆ ಯೀಸ್ಟು ಇಷ್ಟನ್ನೇ ಕಲಸಿ ರಾತ್ರಿಯೆಲ್ಲಾ ತಂಪಾದ ಸ್ಥಳದಲ್ಲಿ ಇಟ್ಟರೆ ಬೆಳಿಗ್ಗೆ ಹಿಟ್ಟು ಹದವಾಗಿರುತ್ತದೆ. ಹಾಸನದ ಸೀಮೆಯಿಂದ ಬೆಂಗಳೂರಿಗೆ ಬಂದ ಅಯ್ಯಂಗಾರರ ಬೇಕರಿಗಳು ಮನೆಮಾತಾಗಿ ಮಾಡಿದ ಖಾರದ ಬನ್ನನ್ನು ಇದೇ ಹಿಟ್ಟಿನಿಂದ ಮಾಡಬಹುದು: ಈರುಳ್ಳಿ, ಕೊತ್ತಂಬರಿ, ಕರಿಬೇವು, ಹಸಿಮೆಣಸಿನಕಾಯಿ. ಸಿಹಿಯ ಹಂಗಿಲ್ಲದ ಈ ಬನ್ನಿನಷ್ಟು ನಮ್ಮ ನಾಲಿಗೆಗೆ ಒಗ್ಗಿದ ಬೇರೊಂದು ಬೇಕರಿಯ ತಿಂಡಿಯನ್ನು ನಾನು ಕಾಣೆ.

ಯೀಸ್ಟೂ ಇಲ್ಲದೆ ನೆನ್ನೆಯ ಹುಳಿಹಿಟ್ಟಿನಿಂದಲೇ ಇಂದಿನ ಹಿಟ್ಟನ್ನು ಉಬ್ಬಿಸುವ ಪದ್ಧತಿಯು ಇನ್ನೂ ಪುರಾತನವಾದದ್ದು. ಹುಳಿಹಿಟ್ಟೆಂಬ ಮಾತು ಸತ್ಯವೇದವನ್ನು ಓದಿ ಬೆಳೆದ ನಮ್ಮ ಹುಡುಗಿಯರಿಗೆ ಪರಿಚಿತವೇ. ಆದರೆ ಅದನ್ನು ಕಣ್ಣಾರೆ ಕಂಡವರು ವಿರಳ. ಹಿಟ್ಟು ನಿಧಾನವಾಗಿ ಹುಳಿಬಂದಾಗ ಧಾನ್ಯದಲ್ಲಿರುವ ಫೈಟೇಟ್ ಎಂಬ ವಸ್ತುವು ಬಹುಮಟ್ಟಿಗೆ ಒಡೆದುಹೋಗುತ್ತದೆ. ಈ ಫೈಟೇಟು ಕಬ್ಬಿಣದ ಅಂಶವನ್ನು ಹಿಡಿದುಕೊಂಡು ಶರೀರಕ್ಕೆ ದಕ್ಕದಂತೆ ಮಾಡುವುದರಿಂದ ಇದು ಸಣ್ಣ ವಿಷಯವಲ್ಲ. ಯಾಕಂದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 19 ವಯಸ್ಸಿನ ಹುಡುಗಿಯರೊಳಗೆ ನೂರಕ್ಕೆ 59 ಮಂದಿ ರಕ್ತಹೀನತೆಯುಳ್ಳವರು. ಬೆಳಗಿನ ಪ್ರಾರ್ಥನೆಯಲ್ಲಿ ತಲೆಸುತ್ತಿ ಕುಳಿತುಬಿಡುವ ಹುಡುಗಿಯನ್ನು ಕಾಣದ ಮುಖ್ಯೋಪಾಧ್ಯಾಯಿನಿ ಯಾವ ಊರಿನಲ್ಲಿಯೂ ಇರಲಾರಳು.

ಹುಳಿಹಿಟ್ಟಿನ ಪಾಠಕ್ಕೆ ವಿದೇಶಕ್ಕೆ ಹೋಗಬೇಕಾದದ್ದೂ ಇಲ್ಲ. ಇಡ್ಲಿಯ ಹಿಟ್ಟಿಗೆ ಯಾರೂ ಯೀಸ್ಟನ್ನು ಹಾಕುವುದಿಲ್ಲ. ಉದ್ದಿನಲ್ಲಿಯೂ ಅಕ್ಕಿಯಲ್ಲಿಯೂ ಸಹಜವಾಗಿರುವ ಲ್ಯೂಕೊನಾಸ್ಟಾಕ್ ಮೊದಲಾದ ಸೂಕ್ಷ್ಮಜೀವಿಗಳು ರಾತ್ರಿಯಲ್ಲಿ ವೃದ್ಧಿಹೊಂದಿ ಗಾಳಿಯನ್ನು ಹುಟ್ಟಿಸಿ ಹಿಟ್ಟನ್ನು ಉಬ್ಬಿಸುತ್ತವೆ, ಲ್ಯಾಕ್ಟಿಕ್ ಆಮ್ಲದಿಂದ ಹುಳಿಯನ್ನು ಕೊಡುತ್ತವೆ. ಆದರೆ ಹಬೆಯಲ್ಲಿ ಬೆಂದ ಮೇಲೆ ಆ ಜೀವಿಗಳು ಉಳಿಯುವುದಿಲ್ಲ. ಇಡ್ಲಿಯು ಸುಲಭವಾಗಿ ಜೀರ್ಣವಾಗುವುದು ನಿಜವಾದರೂ ಅದರಿಂದ ಜೀವಂತ ಸೂಕ್ಷ್ಮಜೀವಿಗಳು ಹೊಟ್ಟೆಗೆ ಸೇರುವುವೆಂದು ಹೇಳುವುದು ಸರಿಯಲ್ಲ. ಅಂಥವು ಬೇಕಾದರೆ ಕಾಯಿಸದ ಮೊಸರು, ಮಜ್ಜಿಗೆಗಳೇ ಮಾರ್ಗ. ನೊಬೆಲ್ ಪಾರಿತೋಷಕವನ್ನು 1908ರಲ್ಲಿ ಪಡೆದ ಮೆಚ್ನಿಕಾಫ್ ಎಂಬ ವಿಜ್ಞಾನಿಯು ಹುಳಿಹಾಲಿನಿಂದ ಆಯುಸ್ಸು ಹೆಚ್ಚುವುದೆಂದು ನಂಬಿದ್ದನು. ಆತನ ಆಶೆಯಷ್ಟು ದೂರ ಇಂದಿನ ಶಾಸ್ತ್ರವು ಹೋಗುವುದಿಲ್ಲ. ಹೊರಗಿನಿಂದ ಬಂದ ಆ ಜೀವಿಗಳಲ್ಲಿ ಹೆಚ್ಚಿನವು ಅತಿಥಿಗಳಂತೆ ಕೆಲವು ದಿನವಿದ್ದು ಹೊರಟುಹೋಗುತ್ತವೆ.

ಮನೆಯವರಾಗಿ ನೆಲೆಸಿರುವ ಕೋಟ್ಯನುಕೋಟಿ ಜೀವಿಗಳು ನಮ್ಮ ದೊಡ್ಡ ಕರುಳಿನಲ್ಲಿ ಮೊದಲೇ ಇವೆ. ಅವುಗಳ ಆಹಾರವೇ ನಾರು. ನಮ್ಮ ಶರೀರದಿಂದ ಜೀರ್ಣಿಸಲಾಗದ ಈ ನಾರಿನ ಹೆಚ್ಚು ಪಾಲನ್ನು ಅವು ಹುಳಿಸಿ ಬ್ಯುಟಿರೇಟ್ ಮುಂತಾದ ಆಮ್ಲಗಳನ್ನು ಉಂಟುಮಾಡುತ್ತವೆ. ಕರುಳಿನ ಒಳಪದರವು ತನ್ನ ಪೋಷಣೆಗೆ ಮುಖ್ಯವಾಗಿ ಆ ಬ್ಯುಟಿರೇಟನ್ನೇ ನೆಚ್ಚಿಕೊಂಡಿದೆ. ಸಕ್ಕರೆಯೂ ಮೈದಾವೂ ಸಣ್ಣ ಕರುಳಿನಲ್ಲಿಯೇ ಬಹುತೇಕ ಹೀರಲ್ಪಟ್ಟು ಮುಗಿದುಹೋಗುವುದರಿಂದ ಕೆಳಗೆ ಕಾದಿರುವವರಿಗೆ ಏನೂ ಉಳಿಯುವುದಿಲ್ಲ. ನೂರು ಗ್ರಾಂ ಮೈದಾದಲ್ಲಿ ನಾರು 3 ಗ್ರಾಮಿಗೂ ಕಡಿಮೆ. ಅಷ್ಟೇ ರಾಗಿಯಲ್ಲಿ ಸುಮಾರು 11 ಗ್ರಾಂ. ಅದರ ಮೇಲೆ ರಾಗಿಯಲ್ಲಿ 340 ಮಿಲಿಗ್ರಾಮಿಗೆ ಕಡಿಮೆಯಿಲ್ಲದ ಸುಣ್ಣದ ಅಂಶ. ರಾಗಿಯನ್ನು ನೆನೆಸಿ ಮೊಳಕೆ ಕಟ್ಟಿ ಒಣಗಿಸಿ ಬೀಸಿದರೆ ಅದರ ಖನಿಜಗಳು ಶರೀರಕ್ಕೆ ಇನ್ನೂ ಚೆನ್ನಾಗಿ ದಕ್ಕುತ್ತವೆ. ಕನಕದಾಸರು ‘ರಾಮಧಾನ್ಯ ಚರಿತೆ’ಯಲ್ಲಿ ಅಕ್ಕಿಗೂ ರಾಗಿಗೂ ಜಗಳವನ್ನು ಹೂಡಿ ರಾಗಿಗೆ ಜಯವನ್ನು ಕೊಟ್ಟರು, ಆದರೆ ಆ ತೀರ್ಪನ್ನು ನಮ್ಮ ಬುತ್ತಿಯ ಡಬ್ಬಿಗಳು ಇನ್ನೂ ಒಪ್ಪಿಲ್ಲ.

ಮಧ್ಯಾಹ್ನದ ವೇಳೆಯಲ್ಲಿ ನೆಲ್ಲಿಯ ಮರದ ಕೆಳಗೆ ಒಂದು ಸುತ್ತು ಬಂದರೆ ಇದು ಕಾಣುವುದು. ಪೇಟೆಯ ಬನ್ನನ್ನು ತಂದವಳು ಡಬ್ಬಿಯನ್ನು ಅಗಲವಾಗಿ ತೆರೆದಿಡುತ್ತಾಳೆ. ರಾಗಿರೊಟ್ಟಿಯನ್ನು ತಂದವಳು ಮುಚ್ಚಳವನ್ನು ಅರ್ಧವೇ ತೆಗೆದು ಕೈಯನ್ನು ಅಡ್ಡ ಹಿಡಿದು ತಿನ್ನುತ್ತಾಳೆ. ಅಂಬಲಿಯನ್ನು ತರುವ ಧೈರ್ಯವಂತೂ ಯಾರಿಗೂ ಇಲ್ಲ. ಶಾಲೆಯ ಆವರಣದಲ್ಲಿಯೂ ಅದರ ಸುತ್ತ 50 ಮೀಟರಿನೊಳಗೂ ಕೊಬ್ಬು, ಉಪ್ಪು, ಸಕ್ಕರೆ ಮಿತಿಮೀರಿದ ತಿಂಡಿಗಳನ್ನು ಮಕ್ಕಳಿಗೆ ಮಾರಕೂಡದೆಂದು 2020ರ ನಿಯಮವುಂಟು. 2025ರ ಮೇ ತಿಂಗಳಲ್ಲಿ ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಲಿಯು ತನ್ನ ಶಾಲೆಗಳಲ್ಲಿ ಸಕ್ಕರೆಯ ಪ್ರಮಾಣವನ್ನು ತಿಳಿಸುವ ಫಲಕಗಳನ್ನು ಹಾಕಬೇಕೆಂದು ಅಪ್ಪಣೆ ಮಾಡಿತು. ಒಳ್ಳೆಯದೇ. ಆದರೆ ಆ ಅಡ್ಡ ಹಿಡಿದ ಕೈಯನ್ನು ತೆಗೆಯಿಸುವುದು ಫಲಕದಿಂದ ಸಾಧ್ಯವಿಲ್ಲ. ಉಪಾಧ್ಯಾಯಿನಿಯರು ತಾವೂ ಅದೇ ಮರದ ಕೆಳಗೆ ಕುಳಿತು ರಾಗಿರೊಟ್ಟಿಯನ್ನು ತಿಂದರೆ ಒಂದುವೇಳೆ ಸಾಧ್ಯವಾದೀತು.

ಕ್ರಿಸ್ಮಸ್ಸಿನ ಕೇಕನ್ನು ಕಸಿದುಕೊಳ್ಳುವೆನೆಂದು ಯಾರೂ ಭಯಪಡಬೇಕಾಗಿಲ್ಲ. ಹಬ್ಬವು ಹಬ್ಬವೇ, ವರ್ಷಕ್ಕೊಮ್ಮೆ ಒಣದ್ರಾಕ್ಷಿ ತುಂಬಿದ ಕೇಕನ್ನು ಅಳತೆ ನೋಡದೆ ತಿನ್ನಲಿ. ವಾರಕ್ಕೆ ಐದು ದಿನವೂ ಹಬ್ಬವಾಗಿರುವುದೇ ನನ್ನ ಚಿಂತೆ.

ಇನ್ನು ಓವನ್ನು ಯಾವಾಗ ಬರಬೇಕೆಂಬ ಎರಡನೆಯ ವಿಷಯ. ಇದನ್ನು ಹೇಳುವುದಕ್ಕೆ ಸಂಕೋಚವಾಗುತ್ತದೆ, ಆದರೂ ಹೇಳಲೇಬೇಕು. ನಾರನ್ನು ಹೆಚ್ಚು ತಿನ್ನುವವರು ನೀರನ್ನೂ ಹೆಚ್ಚು ಕುಡಿಯಬೇಕು. ನೀರಿಲ್ಲದೆ ನಾರನ್ನು ಮಾತ್ರ ಹೆಚ್ಚಿಸಿದರೆ ಮಲಬದ್ಧತೆಯು ಕಡಿಮೆಯಾಗುವ ಬದಲು ಹೆಚ್ಚುವುದುಂಟು. ಆದರೆ ನಮ್ಮ ಹುಡುಗಿಯರು ಬೆಳಿಗ್ಗೆ ಮನೆಯನ್ನು ಬಿಟ್ಟವರು ಸಂಜೆಯ ತನಕ ನೀರನ್ನು ಮುಟ್ಟುವುದಿಲ್ಲ. ತುಂಬಿ ತಂದ ಬಾಟಲು ತುಂಬಿದಂತೆಯೇ ಮನೆಗೆ ಹೋಗುವುದು. ಕಾರಣವನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ; ಹೆಣ್ಣುಮಕ್ಕಳ ತಾಯಂದಿರಿಗೆ ಹೇಳಬೇಕಾದದ್ದೂ ಇಲ್ಲ. ಕುಡಿದರೆ ಶೌಚಗೃಹಕ್ಕೆ ಹೋಗಬೇಕಾದೀತೆಂಬ ಭಯ. ಚಿಲಕವಿಲ್ಲದ ಬಾಗಿಲು, ನಲ್ಲಿಯಲ್ಲಿ ನೀರಿಲ್ಲದ ಬೇಸಿಗೆ, ಹತ್ತು ನಿಮಿಷದ ವಿರಾಮದಲ್ಲಿ ಉದ್ದವಾದ ಸಾಲು. ಕೇರಳದ ಶಾಲೆಗಳಲ್ಲಿ 2019ರಲ್ಲಿ ಹೊತ್ತುಹೊತ್ತಿಗೆ ಗಂಟೆ ಹೊಡೆದು ಮಕ್ಕಳಿಗೆ ನೀರು ಕುಡಿಸುವ ಏರ್ಪಾಡು ಆರಂಭವಾಯಿತು. ಅದನ್ನು ನಾವೂ ಮಾಡಬಹುದು. ಆದರೆ ಗಂಟೆ ಹೊಡೆದ ಮೇಲೆ ಆ ನೀರಿಗೆ ದಾರಿಯೂ ಇರಬೇಕಷ್ಟೆ. ನಮ್ಮಲ್ಲಿ ಹುಡುಗಿಯರ ಸಂಖ್ಯೆಯು ಬೆಳೆದಷ್ಟು ಶೌಚಗೃಹಗಳ ಸಂಖ್ಯೆಯು ಬೆಳೆದಿಲ್ಲ.

ಆದಕಾರಣ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ನನ್ನ ವಿಜ್ಞಾಪನೆಯೇನೆಂದರೆ, ಕೂಡಿಸಿದ ಹಣವನ್ನು ಈ ವರ್ಷ ಹಿಂದಿನ ಕಟ್ಟಡದ ಶೌಚಗೃಹಗಳಿಗೂ ಒಂದು ನೀರಿನ ತೊಟ್ಟಿಗೂ ಕೊಡಿರಿ. ಶಿಲೆಯಲ್ಲಿ ಹೆಸರು ಕೆತ್ತಿಸುವುದಕ್ಕೆ ಅದು ಅಷ್ಟು ಸೊಗಸಾದ ಸ್ಥಳವಲ್ಲವೆಂಬುದನ್ನು ಬಲ್ಲೆನು. ಓವನ್ನು ಮುಂದಿನ ವರ್ಷ ಬರಲಿ, ದೊಡ್ಡದೂ ಬೇಡ, ಏಕಕಾಲದಲ್ಲಿ ನಾಲ್ಕು ಬ್ರೆಡ್ಡು ಬೇಯುವಷ್ಟಿದ್ದರೆ ಸಾಕು. ಅಲ್ಲಿಯ ತನಕ ಗೃಹವಿಜ್ಞಾನದ ತರಗತಿಯಲ್ಲಿ ರಾಗಿಯನ್ನು ಮೊಳಕೆ ಕಟ್ಟುವುದನ್ನೂ ಮೊಸರಿಗೆ ಹೆಪ್ಪು ಹಾಕುವುದನ್ನೂ ಕಲಿಸುವೆವು. ಅವೆರಡಕ್ಕೂ ವಿದ್ಯುತ್ತು ಬೇಕಿಲ್ಲ. ಬರುವ ಮಾರಾಟದ ದಿವಸ ಪ್ರತಿಯೊಂದು ತಟ್ಟೆಯ ಪಕ್ಕದಲ್ಲಿ ಹಿಟ್ಟೆಷ್ಟು, ಸಕ್ಕರೆಯೆಷ್ಟು ಎಂದು ಬರೆದ ಚೀಟಿಯಿರುವುದು. ಚೀಟಿಯಿಲ್ಲದ ತಟ್ಟೆಯನ್ನು ತೀರ್ಪಿಗೆ ತೆಗೆದುಕೊಳ್ಳಲಾಗುವುದಿಲ್ಲ.