ಅಮ್ಮ ಕೇಳಿದ ಕಿಡ್ನಿ ಪ್ರಶ್ನೆ

"ಡಿಗ್ರಿ ಆಯ್ತಲ್ಲ, ಮತ್ಯಾಕೆ ಮಾಸ್ಟರ್ಸು? ನೇರ ಮೆಡಿಕಲ್ ಸೇರೋಕಾಗಲ್ವಾ?" ಹಾಸನದಿಂದ ಫೋನ್ ಮಾಡಿದಾಗಲೆಲ್ಲ ಚಿಕ್ಕಪ್ಪ ಕೇಳ್ತಿದ್ರು. ಅಲ್ಲಿ ಪಿಯುಸಿ, ನೀಟ್, ಆಮೇಲೆ ಎಂಬಿಬಿಎಸ್. ಅಮೆರಿಕದಲ್ಲಿ ಸಾಮಾನ್ಯವಾಗಿ ನಾಲ್ಕು ವರ್ಷದ ಡಿಗ್ರಿ, ಎಂಕ್ಯಾಟ್ ಪರೀಕ್ಷೆ, ನಂತರ ನಾಲ್ಕು ವರ್ಷದ ಎಂಡಿ.

ಡಿಗ್ರಿಯಲ್ಲಿ ನನ್ನ ಜಿಪಿಎ 3.2. ಓದಿನ ಜೊತೆ ವಾರಕ್ಕೆ 25 ಗಂಟೆ ಔಷಧಿ ಅಂಗಡಿಯಲ್ಲಿ ಕೆಲಸ; ಮನೆಗೆ ಆ ದುಡ್ಡು ಬೇಕಿತ್ತು. ನನ್ನಂಥವರಿಗೆ ಇರೋ ಒಂದು ದಾರಿ 'ಸ್ಪೆಷಲ್ ಮಾಸ್ಟರ್ಸ್ ಪ್ರೋಗ್ರಾಂ'. ಮೆಡಿಕಲ್ ಮೊದಲ ವರ್ಷದವರು ಓದೋ ವಿಷಯಗಳನ್ನೇ ಓದಬೇಕು, ಕೆಲವು ಕಡೆ ಅವರ ಜೊತೆಯಲ್ಲೇ ಕೂತು. ಜಾರ್ಜ್‌ಟೌನ್ ವಿಶ್ವವಿದ್ಯಾಲಯದಲ್ಲಿ ಇದು 1975ರಿಂದಲೂ ಇದೆ.

ಒಂದು ವಿಷಯ ಮೊದಲೇ ತಿಳ್ಕೊಳ್ಳಿ. ಇಲ್ಲಿ ಎಷ್ಟೇ ಅಂಕ ತೆಗೆದರೂ ಹಳೆಯ ಜಿಪಿಎ ಬದಲಾಗಲ್ಲ. ಅರ್ಜಿಯಲ್ಲಿ ಎರಡೂ ಬೇರೆ ಬೇರೆಯಾಗಿಯೇ ಕಾಣುತ್ತೆ. ಚೆನ್ನಾಗಿ ಮಾಡಿದರೆ 'ಈಕೆ ಮೆಡಿಕಲ್ ಓದಬಲ್ಲಳು' ಅನ್ನೋದಕ್ಕೆ ಪುರಾವೆ. ಸಿ ಗ್ರೇಡ್‌ಗಳು ಬಂದರೆ ಅದೇ ಪುರಾವೆ ನಮಗೇ ತಿರುಗುತ್ತೆ. ಹಾಗಾಗಿ ಎಂಕ್ಯಾಟ್ ಮುಗಿಸಿಕೊಂಡೇ ಸೇರಿದೆ. ಎರಡು ದೋಣಿಯಲ್ಲಿ ಕಾಲಿಡೋ ವರ್ಷ ಇದಲ್ಲ.

ಓದಿಗೆ ನನಗೆ ಸಹಾಯ ಆಗಿದ್ದು ಅಮ್ಮನ ಫೋನು. ರಾತ್ರಿ ಊಟದ ಹೊತ್ತಿಗೆ ಆ ದಿನದ ಪಾಠವನ್ನ ಕನ್ನಡದಲ್ಲಿ ಹೇಳ್ತಿದ್ದೆ. "ಕಿಡ್ನಿ ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತಮ್ಮ." "ಅಷ್ಟೊಂದಾ? ನಾವು ಹೋಗೋದು ಒಂದೂವರೆ ಲೀಟರೋ ಎರಡೋ. ಮಿಕ್ಕಿದ್ದೆಲ್ಲಿ ಹೋಯ್ತೇ?" ಪಾಠದ ತಿರುಳೇ ಆ ಪ್ರಶ್ನೆ! ಸೋಸಿದ್ದನ್ನ ದೇಹ ಎಲ್ಲಿ, ಹೇಗೆ ವಾಪಸ್ ಹೀರಿಕೊಳ್ಳುತ್ತೆ ಅಂತ ಹೇಳೋಕೆ ಹೋಗಿ ನಡುವೆ ತಡವರಿಸಿದೆ. ತಡವರಿಸಿದ ಜಾಗವನ್ನೇ ಮಾರನೇ ದಿನ ಬೆಳಿಗ್ಗೆ ಮತ್ತೆ ಓದಿದೆ. ಗೆರೆ ಎಳೆದು ನಾಲ್ಕು ಸಲ ಓದೋದಕ್ಕಿಂತ, ಪುಸ್ತಕ ಮುಚ್ಚಿ ಒಂದು ಸಲ ಹೇಳಿ ನೋಡೋದು ಮೇಲು.

ಇನ್ನೆರಡು ಮಾತು. ಪ್ರೊಫೆಸರ್ ಹತ್ರ ಮೊದಲ ತಿಂಗಳಿಂದಲೇ ಹೋಗಿ ಮಾತಾಡಿ. ಮುಖ ಗೊತ್ತಿಲ್ಲದವರಿಗೆ ಒಳ್ಳೆ ಶಿಫಾರಸು ಪತ್ರ ಬರೆಯೋದು ಅವರಿಗೂ ಕಷ್ಟ. ಅರ್ಜಿಯನ್ನ ಬೇಗ ಕಳಿಸಿ. ಹೆಚ್ಚಿನ ಕಾಲೇಜುಗಳು ಅರ್ಜಿ ಬಂದ ಹಾಗೆ ನೋಡ್ತಾ, ಸೀಟು ಕೊಡ್ತಾ ಹೋಗ್ತವೆ.

ನನಗೆ ಒಂದು ಕಡೆ ಸೀಟು ಸಿಕ್ಕಿತು. ನನ್ನಷ್ಟೇ ಅಂಕ ತೆಗೆದ ರೂಮ್‌ಮೇಟ್‌ಗೆ ಆ ವರ್ಷ ಎಲ್ಲೂ ಸಿಗಲಿಲ್ಲ. ಸಾಲದ ಕಂತು ಮಾತ್ರ ಇಬ್ಬರಿಗೂ ಇದೆ. ಅದಕ್ಕೇ ಸಾಲದ ಪತ್ರಕ್ಕೆ ಸಹಿ ಹಾಕೋ ಮುಂಚೆ ಅಲ್ಲಿನವರನ್ನ ನೇರವಾಗಿ ಕೇಳಿ: ಕಳೆದ ಮೂರು ವರ್ಷ ಎಷ್ಟು ಜನ ಸೇರಿದ್ರು, ಅವರಲ್ಲಿ ಎಷ್ಟು ಜನಕ್ಕೆ ಮೆಡಿಕಲ್ ಸೀಟು ಸಿಕ್ತು? ಉತ್ತರ ಹೇಳೋಕೆ ಹಿಂದೆಮುಂದೆ ನೋಡಿದರೆ, ಬೇರೆ ಕಡೆ ವಿಚಾರಿಸಿ.