ಎಮ್ಮೆಗೆ ಹೇನಾದರೆ ಮುಚ್ಚಿಡಬೇಡಿ



ಎಮ್ಮೆಗೆ ಹೇನು ಆಗುವುದು ನಾಚಿಕೆಯ ಮಾತಲ್ಲ, ಅದನ್ನು ಮುಚ್ಚಿಡುವುದೇ ತಪ್ಪು ಎಂದು ನನ್ನ ಅಭಿಪ್ರಾಯ. ಯಾಕೆ ಅಂತ ಹೇಳುತ್ತೇನೆ.

ಹೋದ ಚಳಿಗಾಲದಲ್ಲಿ ನಮ್ಮ ಎಮ್ಮೆ ಮತ್ತು ಕರು ಗೂಟಕ್ಕೆ, ಗೋಡೆಗೆ ಮೈ ತಿಕ್ಕುತ್ತಿದ್ದವು. ಕರುವಿನ ಕುತ್ತಿಗೆಯ ಕೂದಲು ಉದುರಿತು. ಎಮ್ಮೆಯ ಹಾಲೂ ಕಡಿಮೆ ಆಯಿತು. ನಾನು ಕರುವಿನ ಕಿವಿಯ ಹಿಂದೆ ಕೂದಲು ಬಿಡಿಸಿ ನೋಡಿದೆ. ಹೇನು ಹರಿದಾಡುತ್ತಿದ್ದವು, ಕೂದಲಿಗೆ ಸೀರು ಅಂಟಿದ್ದವು. ಅವ್ವಗೆ ತೋರಿಸಿದೆ. “ಯಾರ ಮುಂದೂ ಹೇಳಬ್ಯಾಡ. ಇವರು ದನ ತೊಳ್ಯಾಂಗಿಲ್ಲ ಅಂತಾರ, ಹಾಲು ಯಾರೂ ಒಯ್ಯಾಂಗಿಲ್ಲ” ಅಂದಳು.

ಡಾಕ್ಟರ ಹತ್ತಿರ ಹೋದರೆ ಊರಿಗೆಲ್ಲ ಗೊತ್ತಾಗುತ್ತದೆ ಅಂತ ಅಪ್ಪ ತೊಗರಿಗೆ ಹೊಡೆದು ಉಳಿದಿದ್ದ ಔಷಧವನ್ನೇ ನೀರಿಗೆ ಹಾಕಿ ಕರುವಿಗೆ ಹಚ್ಚಿದ. ಸಂಜೆಗೆ ಕರು ಜೊಲ್ಲು ಸುರಿಸಿ, ಗಡಗಡ ನಡುಗಿ ಬಿತ್ತು. ಆಗ ನಾಚಿಕೆ ಎಲ್ಲಿ ಹೋಯಿತೋ, ಅಪ್ಪ ಓಡಿಹೋಗಿ ಡಾಕ್ಟರನ್ನು ಕರೆತಂದ. ಅವರು ಸಾಬೂನು ನೀರಿನಿಂದ ಮೈ ತೊಳೆಸಿ ಇಂಜೆಕ್ಷನ್ ಕೊಟ್ಟರು. ಅವ್ವ ರಾತ್ರಿಯೆಲ್ಲ ಕರುವಿನ ಹತ್ತಿರ ಕುಂತಳು. ಮೂಕ ಪ್ರಾಣಿ, ಪುಣ್ಯಕ್ಕೆ ಬದುಕಿತು.

ಡಾಕ್ಟರು ತಿಳಿಸಿದ್ದನ್ನು ಎಲ್ಲರೂ ತಿಳಿದುಕೊಳ್ಳಿ:

1. ಹೇನಿಗೆ 6 ಕಾಲು, ಉಣ್ಣಿಗೆ 8 ಕಾಲು. ಕಿವಿಯ ಹಿಂದೆ, ಕೋಡಿನ ಬುಡ, ಕುತ್ತಿಗೆ, ಬಾಲದ ಕುಚ್ಚು ಬಿಡಿಸಿ ನೋಡಬೇಕು.
2. ಎಮ್ಮೆಯ ಹೇನು ರಕ್ತ ಹೀರುತ್ತದೆ. ಕೆಳಗಿನ ಕಣ್ಣುರೆಪ್ಪೆ ಎಳೆದಾಗ ಒಳಗೆ ಬೆಳ್ಳಗೆ ಕಂಡರೆ ರಕ್ತ ಕಡಿಮೆಯಾಗಿದೆ ಎಂದು ಅರ್ಥ. ಕರುಗಳಿಗೆ ಬಹಳ ತ್ರಾಸು.
3. ಹೊಲದ ಔಷಧ ಹಚ್ಚಲೇಬಾರದು. ಅದು ಚರ್ಮದಿಂದಲೂ ಒಳಗೆ ಹೋಗುತ್ತದೆ. ಡಾಕ್ಟರು ಕೊಟ್ಟ ಔಷಧವನ್ನು ಅವರು ಹೇಳಿದ ಅಳತೆಯಲ್ಲೇ ಹಚ್ಚಬೇಕು. ಎಷ್ಟು ದಿನ ಹಾಲು ಬಳಸಬಾರದು ಅಂತಲೂ ಕೇಳಬೇಕು.
4. ಔಷಧಕ್ಕೆ ಸೀರು ಸಾಯುವುದಿಲ್ಲ. ಅದಕ್ಕೇ ಸುಮಾರು 2 ವಾರ ಬಿಟ್ಟು ಮತ್ತೊಮ್ಮೆ ಹಚ್ಚಬೇಕು.

ದಿನಾ ತೊಳೆದರೆ ಹೇನು ಆಗುವುದಿಲ್ಲ ಅಂತ ಕೆಲವರು ಅನ್ನುತ್ತಾರೆ. ನಾವೂ ತೊಳೆಯುತ್ತಿದ್ದೆವು. ಆದರೆ ಹೇನು ಮೈಗೆ ಮೈ ತಾಗಿ ಬರುತ್ತದೆ. ನಮ್ಮ ಓಣಿಯ ಎಮ್ಮೆಗಳೆಲ್ಲ ಕೂಡಿಯೇ ಮೇಯಲು ಹೋಗುತ್ತವೆ. ಒಂದು ಮನೆಯವರು ಮುಚ್ಚಿಟ್ಟರೆ ಎಲ್ಲರ ಎಮ್ಮೆಗೂ ಹತ್ತುತ್ತದೆ. ನಮ್ಮ ಕರುವಿನ ಸುದ್ದಿ ತಿಳಿದ ಮೇಲೆ ಬಾಜೂ ಮನೆಯ ಕಾಕಿ ಮೆಲ್ಲಗೆ ಬಂದು, “ನಮ್ಮ ಎಮ್ಮಿಗೂ ಅದಾವ” ಅಂದಳು. ಆಮೇಲೆ ನಾಲ್ಕು ಮನೆಯವರು ಒಂದೇ ದಿನ ಔಷಧ ಹಚ್ಚಿದರು. ಮೊದಲೇ ಹೇಳಿದ್ದರೆ ನಮ್ಮ ಕರು ಅಷ್ಟು ನರಳುತ್ತಿರಲಿಲ್ಲ.

ಎಮ್ಮೆಯ ಹೇನು ನಮ್ಮ ತಲೆಯಲ್ಲಿ ಬದುಕುವುದಿಲ್ಲ, ಹೆದರಬೇಡಿ. ಹೋದ ವರ್ಷ ತಲೆಯಲ್ಲಿ ಹೇನು ಇದೆ ಅಂತ ನಮ್ಮ ತರಗತಿಯ ಒಬ್ಬ ಹುಡುಗಿಯ ಬಾಜೂ ಯಾರೂ ಕೂಡಲಿಲ್ಲ. ನಾನೂ ಎದ್ದು ಹೋಗಿದ್ದೆ. ಅದು ತಪ್ಪು ಅಂತ ಈಗ ಅನಿಸುತ್ತದೆ. ನಾವು ನಕ್ಕರೆ ಜನ ಮುಚ್ಚಿಡುತ್ತಾರೆ.

ಈ ಆದಿತ್ಯವಾರ ಎಲ್ಲರೂ ನಿಮ್ಮ ಎಮ್ಮೆಯ ಕಿವಿಯ ಹಿಂದೆ ನೋಡಿರಿ. ಹೇನು ಕಂಡರೆ ಮನೆಯಲ್ಲಿ ಹೇಳಿರಿ, ಬಾಜೂ ಮನೆಯವರಿಗೂ ಹೇಳಿರಿ.

– 7ನೇ ತರಗತಿ ವಿದ್ಯಾರ್ಥಿನಿ, ಭೂಸನೂರ